ಸಂದಿಯಲ್ಲಿ ನುಸುಳುವವನಿಗೆ ಒಂದು ಕಾಯಿದೆ ಬೇಡವೇ?

ಸಂಜೆ ಆರು ಗಂಟೆ. ಮೈಸೂರಿನ ರಾಮಸ್ವಾಮಿ ವೃತ್ತ. ಕೆಂಪು ದೀಪ ಬಿದ್ದಿದೆ. ಎದುರಿಗೆ ಒಂದು ಸಿಟಿ ಬಸ್ಸು, ಅದರ ಪಕ್ಕಕ್ಕೆ ತರಕಾರಿ ಮೂಟೆ ತುಂಬಿದ ಗೂಡ್ಸ್ ಆಟೋ, ಹಿಂದೆ ನಾಲ್ಕಾರು ಕಾರು. ಅವುಗಳ ಬೆನ್ನಿಗೆ ಬಂದು ನಿಂತ ಸ್ಕೂಟರ್ ಸವಾರ ಎಷ್ಟು ಹೊತ್ತು ಸುಮ್ಮನೆ ನಿಂತಾನು? ಒಂದು ಕಾಲು ನೆಲಕ್ಕೂರಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ಚಾಚಿ ನೋಡಿ, ಎಲ್ಲಿ ಎರಡು ಮೊಳ ಜಾಗ ಕಂಡಿತೋ ಅಲ್ಲಿ ಮುಂದಿನ ಚಕ್ರ ತೂರಿಸಿದ. ಅವನ ಹಿಂದೆ ಇನ್ನೊಬ್ಬ. ಇನ್ನೊಬ್ಬನ ಹಿಂದೆ ಮಗುವನ್ನು ಮುಂದೆ ನಿಲ್ಲಿಸಿಕೊಂಡ ತಾಯಿ. ದೀಪ ಹಸಿರಾಗುವಷ್ಟರಲ್ಲಿ ಬಸ್ಸಿನ ಮುಂದೆ ಇಪ್ಪತ್ತು ಗಾಡಿ. ಜೀಬ್ರಾ ಪಟ್ಟೆ ಎಲ್ಲಿ ಹೋಯಿತೆಂದು ಹುಡುಕಬೇಕು.

ಇದು ಆ ಒಂದು ವೃತ್ತದ ಕಥೆಯಲ್ಲ. ಮೆಟ್ರೋಪೋಲ್ ವೃತ್ತದಲ್ಲೂ ಇದೇ, ಆರ್‌ಟಿಓ ವೃತ್ತದಲ್ಲೂ ಇದೇ. ಲೈಸೆನ್ಸು ಕೊಡುವ ಕಚೇರಿಯ ಹೆಸರು ಹೊತ್ತ ವೃತ್ತದಲ್ಲೇ ಹೀಗಾದರೆ ಮಿಕ್ಕ ಕಡೆ ಕೇಳಬೇಕೆ!

ಹೀಗೆ ನುಸುಳುವುದು ತಪ್ಪೋ ಸರಿಯೋ? ಯಾರನ್ನಾದರೂ ಕೇಳಿ ನೋಡಿ. ಕಾರಿನವರು "ತಪ್ಪು ಸಾರ್, ಕನ್ನಡಿ ಮುರ್ದು ಹಾಕ್ತಾರೆ" ಅನ್ನುತ್ತಾರೆ. ಸ್ಕೂಟರಿನವರು "ಜಾಗ ಇದ್ದ ಮೇಲೆ ಹೋಗೋದೇ ಅಲ್ವಾ ಸ್ವಾಮಿ?" ಅನ್ನುತ್ತಾರೆ. ಕಾರೂ ಸ್ಕೂಟರೂ ಎರಡೂ ಇರುವವರು ಆ ಹೊತ್ತು ಯಾವುದರ ಮೇಲೆ ಕೂತಿರುತ್ತಾರೋ ಅದರ ಪಕ್ಷ. ಕಾನೂನಿನ ಪುಸ್ತಕವನ್ನು ಕೇಳಿದರೋ, ಅದು ಬಾಯಿಯೇ ಬಿಡುವುದಿಲ್ಲ. ತಕರಾರು ಇರುವುದು ಅಲ್ಲೇ.

1988ರ ಮೋಟಾರು ವಾಹನ ಕಾಯಿದೆ ಇದೆ. ಅದರ 118ನೇ ಕಲಮಿನ ಕೆಳಗೆ ಕೇಂದ್ರ ಸರ್ಕಾರ ಮಾಡಿದ ವಾಹನ ಚಾಲನೆಯ ನಿಯಮಗಳಿವೆ. 1989ರಲ್ಲಿ ಮಾಡಿದ್ದು ಹಳತಾಯಿತೆಂದು 2017ರಲ್ಲಿ ಹೊಸದಾಗಿ ಬರೆದರು. ಪಟ್ಟೆ ಎಳೆದ ರಸ್ತೆಯಲ್ಲಿ ಪಟ್ಟೆಯೊಳಗೇ ಹೋಗಬೇಕು, ಪಟ್ಟೆ ಬದಲಿಸುವ ಮುಂಚೆ ಸೂಚನೆ ಕೊಡಬೇಕು, ಮುಂದಿನ ಗಾಡಿಯನ್ನು ಸಾಮಾನ್ಯವಾಗಿ ಬಲಗಡೆಯಿಂದ ಹಿಂದಿಕ್ಕಬೇಕು, ಫುಟ್‌ಪಾತ್ ಹತ್ತಬಾರದು, ಸಿಗ್ನಲ್ಲಿನಲ್ಲಿ ಗೆರೆ ದಾಟಿ ನಿಲ್ಲಬಾರದು. ಎಲ್ಲ ಇದೆ. 2019ರ ತಿದ್ದುಪಡಿಯಲ್ಲಿ 184ನೇ ಕಲಮನ್ನು ಬಿಗಿ ಮಾಡಿ, ಕಾನೂನಿಗೆ ವಿರುದ್ಧವಾಗಿ ಹಿಂದಿಕ್ಕುವುದನ್ನೂ ಅಪಾಯದ ಚಾಲನೆಯ ಪಟ್ಟಿಗೆ ಸೇರಿಸಿದರು. ಮೊದಲ ಸಲಕ್ಕೇ ಸಾವಿರದಿಂದ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಜೈಲು, ಇಲ್ಲವೇ ಎರಡೂ.

ಸರಿ. ಆದರೆ ನಿಂತುಬಿಟ್ಟ ಎರಡು ಸಾಲಿನ ನಡುವೆ ಕಾಲೂರಿಕೊಂಡು ಮೆಲ್ಲಗೆ ಮುಂದಕ್ಕೆ ಸಾಗುವ ಸವಾರ ಹಿಂದಿಕ್ಕುತ್ತಿದ್ದಾನೋ, ಪಟ್ಟೆ ಮೀರುತ್ತಿದ್ದಾನೋ, ಎರಡೂ ಅಲ್ಲವೋ? ಆ ಕೆಲಸಕ್ಕೆ ಪುಸ್ತಕದಲ್ಲಿ ಹೆಸರೂ ಇಲ್ಲ, ಅಪ್ಪಣೆಯೂ ಇಲ್ಲ, ಹೆಸರು ಹಿಡಿದು ಬೇಡವೆಂದದ್ದೂ ಇಲ್ಲ. ದೇಶದಲ್ಲಿ ನೋಂದಾಯಿಸಿದ ವಾಹನಗಳಲ್ಲಿ ನಾಲ್ಕರಲ್ಲಿ ಸುಮಾರು ಮೂರು ಪಾಲು ದ್ವಿಚಕ್ರಗಳೇ. ಅಷ್ಟು ಮಂದಿ ಬೆಳಗಾದರೆ ಮಾಡುವ ಕೆಲಸಕ್ಕೆ ಒಂದು ಸಾಲು ಬರೆಯಲು ಇಷ್ಟು ವರ್ಷದಲ್ಲಿ ಯಾರಿಗೂ ಪುರಸೊತ್ತಾಗಲಿಲ್ಲ ಅಂದರೆ ಏನು ಹೇಳೋಣ?

ಬರೆಯದಿದ್ದರೆ ಯಾರ ಗಂಟು ಹೋಯಿತು ಅನ್ನಬಹುದು. ಗಂಟು ಹೋಗುವುದು ಬಿದ್ದ ಮೇಲೆ.

ನಮ್ಮಲ್ಲಿ ರಸ್ತೆ ಅಪಘಾತಕ್ಕೆ ಎರಡು ಕೋರ್ಟು. ಮೊದಲನೆಯದು ಬೀದಿ ಕೋರ್ಟು. ಅಲ್ಲಿ ವಿಚಾರಣೆ ಎರಡೇ ನಿಮಿಷ, ತೀರ್ಪು ಒಂದೇ: ದೊಡ್ಡ ಗಾಡಿಯದೇ ತಪ್ಪು. ಬಸ್ಸಿನ ಡ್ರೈವರ್ ಎಡಕ್ಕೆ ಇಂಡಿಕೇಟರ್ ಹಾಕಿದ್ದ, ನಿಧಾನವಾಗಿ ತಿರುಗುತ್ತಿದ್ದ, ಹುಡುಗನೇ ಎಡಸಂದಿಯಲ್ಲಿ ನುಗ್ಗಿ ಬಂದ ಎಂಬುದನ್ನೆಲ್ಲ ಕೇಳುವ ವ್ಯವಧಾನ ಅಲ್ಲಿ ಯಾರಿಗಿದೆ? "ಇಳಿಯೋ ಕೆಳಗೆ!" ಅಂತ ಕಾಲರಿಗೆ ಕೈ ಹಾಕಿದ್ದೇ. ಡ್ರೈವರ್ ಓಡಿಹೋಗಿ ಠಾಣೆ ಸೇರಿಕೊಂಡರೆ ಅವನ ಹೆಂಡತಿ ಮಕ್ಕಳ ಪುಣ್ಯ. ಆಮೇಲೆ ಅವನ ಮೇಲೆ ಕೇಸು. 2024ರ ಜೂನ್ ಮುಗಿಯುವವರೆಗೆ ಐಪಿಸಿ 279, 304-ಎ ಅನ್ನುತ್ತಿದ್ದರು, ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281, 106 ಅನ್ನುತ್ತಾರೆ. ನಂಬರು ಬದಲಾಯಿತು, ಡ್ರೈವರನ ಅಲೆದಾಟ ಬದಲಾಗಲಿಲ್ಲ.

ಎರಡನೆಯದು ಮೋಟಾರು ಅಪಘಾತ ಪರಿಹಾರದ ನ್ಯಾಯಮಂಡಳಿ. ಅಲ್ಲಿ ಕಥೆ ಉಲ್ಟಾ. ವಿಮೆಯ ಕಡೆಯ ವಕೀಲರು ಎದ್ದು ನಿಂತು, ಸತ್ತವನು ಎರಡು ಗಾಡಿಯ ನಡುವೆ ನುಗ್ಗಿದ್ದರಿಂದ ಅವನ ನಿರ್ಲಕ್ಷ್ಯವೂ ಇದರಲ್ಲಿ ಪಾಲುಂಟು ಎಂದು ವಾದ ಹೂಡುತ್ತಾರೆ. ಅದು ಅವರ ಕೆಲಸ, ಅವರನ್ನು ಬಯ್ದು ಫಲವಿಲ್ಲ. ಹತ್ತು ಲಕ್ಷ ಪರಿಹಾರ ಆಗಬೇಕಾದ ಕಡೆ ತಪ್ಪಿನಲ್ಲಿ ಅರ್ಧ ಪಾಲು ಸವಾರನದು ಎಂದು ತೀರ್ಮಾನವಾಯಿತು ಅನ್ನಿ. ಮನೆಗೆ ಬರುವುದು ಐದು ಲಕ್ಷ. ದುಡಿಯುವವನು ಹೋದ, ಉಳಿದದ್ದರಲ್ಲಿ ಅರ್ಧವೂ ಹೋಯಿತು. ಸಾಲ ಮಾಡಿ ಗಾಡಿ ತೆಗೆದಿದ್ದರೆ ಅದರ ಕಂತು ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಇಲ್ಲಿ ಸುಪ್ರೀಂ ಕೋರ್ಟಿನ ಒಂದು ಮಾತು ನೆನೆಯಬೇಕು. ಒಂದೇ ಬೈಕಿನಲ್ಲಿ ಮೂವರು ಕೂತಿದ್ದರು ಎಂಬ ಒಂದೇ ಕಾರಣಕ್ಕೆ ಸತ್ತವನ ಮೇಲೆ ನಿರ್ಲಕ್ಷ್ಯದ ಪಾಲು ಹೊರಿಸಲಾಗದು, ಆ ಉಲ್ಲಂಘನೆಗೂ ಅಪಘಾತಕ್ಕೂ ಸಂಬಂಧ ತೋರಿಸಬೇಕು ಎಂದು 2020ರಲ್ಲಿ ಆ ಕೋರ್ಟು ಹೇಳಿದೆ. ಮೂವರು ಕೂರುವುದಾದರೋ ಕಾಯಿದೆಯ 128ನೇ ಕಲಮು ನೇರವಾಗಿ ಬೇಡವೆಂದ ಕೆಲಸ. ಅದಕ್ಕೇ ಹೀಗಾದರೆ, ಹೆಸರೇ ಇಲ್ಲದ ನುಸುಳಾಟವನ್ನು ಕಣ್ಣುಮುಚ್ಚಿ ತಪ್ಪು ಅನ್ನುವುದು ಹೇಗೆ? ಎಷ್ಟು ವೇಗದಲ್ಲಿ ನುಸುಳಿದ, ಯಾವ ಕಡೆಯಿಂದ ನುಸುಳಿದ, ಪಕ್ಕದ ಗಾಡಿ ನಿಂತಿತ್ತೋ ಓಡುತ್ತಿತ್ತೋ ಎಂದು ನೋಡಬೇಕಲ್ಲವೇ? ನೋಡಬೇಕು, ಆದರೆ ಯಾವ ಅಳತೆಗೋಲು ಹಿಡಿದು? ಇಷ್ಟು ವೇಗ ಸರಿ, ಈ ಕಡೆ ಸರಿ ಎಂದು ಬರೆದಿಟ್ಟ ಅಳತೆಗೋಲೇ ಇಲ್ಲ. ಹೀಗಾಗಿ ಕೇಸಿಗೊಂದು ವಾದ, ವಕೀಲರಿಗೊಂದು ನ್ಯಾಯ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ಲೆಕ್ಕದಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ 74,897 ಮಂದಿ ದ್ವಿಚಕ್ರದವರು. ಹೆಲ್ಮೆಟ್ ಇಲ್ಲದೆ ಸತ್ತವರು, ಹಿಂದೆ ಕೂತವರೂ ಸೇರಿ, 50,029. ವೇಗದಿಂದ ಎಷ್ಟು, ಕುಡಿದು ಎಷ್ಟು, ಎದುರು ದಿಕ್ಕಿನಲ್ಲಿ ಬಂದು ಎಷ್ಟು, ಕೆಂಪು ದೀಪ ಹಾರಿಸಿ ಎಷ್ಟು ಎಂದು ಆ ವರದಿಯಲ್ಲಿ ವಿಂಗಡಣೆ ಇದೆ. ಸಂದಿಯಲ್ಲಿ ಸಿಕ್ಕು ಸತ್ತವರ ಕಾಲಮ್ಮು ಮಾತ್ರ ಇಲ್ಲ. ಕಾಯಿದೆಯಲ್ಲಿ ಹೆಸರಿಲ್ಲದ್ದು ವರದಿಯಲ್ಲಿ ಹೇಗೆ ಬಂದೀತು?

ಹಾಗಾದರೆ ನುಸುಳುವುದನ್ನೇ ಬಂದ್ ಮಾಡಿಬಿಡಿ ಅನ್ನುವವರಿದ್ದಾರೆ. ಅವರು ಒಂದು ಲೆಕ್ಕ ಹಾಕಬೇಕು. ಒಂದು ಬೈಕಿನ ಉದ್ದ ಎರಡು ಮೀಟರ್. ಮುಂದಿನದಕ್ಕೂ ಅದಕ್ಕೂ ನಡುವೆ ಒಂದು ಮೀಟರ್ ಬಿಡೋಣ. ಇಪ್ಪತ್ತೊಂದು ಬೈಕು ಕಾರಿನಂತೆ ಒಂದರ ಹಿಂದೆ ಒಂದು ಶಿಸ್ತಾಗಿ ನಿಂತರೆ 63 ಮೀಟರ್ ಸಾಲು. ಅದು ಬಸ್ಸು, ಕಾರು, ಆಟೋಗಳ ಸಾಲಿಗೆ ಸೇರಿಕೊಂಡರೆ ಬಾಲ ಹಿಂದಿನ ಸಿಗ್ನಲ್ಲಿನ ಕಡೆಗೆ ಬೆಳೆಯುತ್ತದೆ. ಮೊದಲು ಗೊಣಗುವವರು ಕಾರಿನವರೇ. ಇಷ್ಟಾಗಿ ಮೇ ತಿಂಗಳ ಬಿಸಿಲಿನಲ್ಲಿ, ಬಸ್ಸಿನ ಹೊಗೆ ಮುಖಕ್ಕೆ ಬಡಿಯುತ್ತಿರುವಾಗ, ಕಾಲ ಕೆಳಗೆ ಕಾದ ಇಂಜಿನ್ ಇಟ್ಟುಕೊಂಡು, ಮುಂದೆ ಎರಡು ಮೊಳ ಜಾಗ ಕಾಣುತ್ತಿದ್ದರೂ ಅಲುಗದೆ ನಿಲ್ಲುವ ಸವಾರ ಯಾವ ಊರಿನಲ್ಲಿದ್ದಾನೆ? ಸಾಲಿನ ಬಾಲದಲ್ಲಿ ನಿಂತವನಿಗೆ ಹಿಂದಿನಿಂದ ಬ್ರೇಕ್ ಸಿಗದೆ ಬಂದ ಗಾಡಿ ಗುದ್ದುವ ಭಯವೂ ಇದೆ. ಕಾರಿನವನಿಗೆ ಬಂಪರ್ ನಜ್ಜಾದೀತು, ಇವನ ಹಿಂದೆ ತಗಡೂ ಇಲ್ಲ.

ಮೈಸೂರಿಗೆ ಮೋಟಾರ್ ಸೈಕಲ್ ಹೊಸದೇನಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಹೊರಬಂದಾಗ ದೇಶದಲ್ಲಿ ಈ ಊರಿನ ಹೆಸರು ಗಾಡಿಯ ಮೇಲೆ ಓಡಾಡಿತು. 1973ರಿಂದ ಅದೇ ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಆಗಿನ ಮೈಸೂರಿನಲ್ಲಿ ಟಾಂಗಾ, ಸೈಕಲ್ಲು, ಆಗೊಂದು ಈಗೊಂದು ಬಸ್ಸು. ಎರಡು ಸೈಲೆನ್ಸರಿನ ಶಬ್ದ ಕೇಳಿಯೇ ಬಂದದ್ದು ಯಾರ ಗಾಡಿಯೆಂದು ಬೀದಿಯವರು ಹೇಳುತ್ತಿದ್ದರು. ಸಂದಿ ಹುಡುಕುವ ಗರಜು ಇರಲಿಲ್ಲ, ರಸ್ತೆಯೇ ಒಂದು ದೊಡ್ಡ ಸಂದಿ. ಈಗ ಗಾಡಿ ಹೆಚ್ಚಿದೆ, ಸಯ್ಯಾಜಿರಾವ್ ರಸ್ತೆ ಮಾತ್ರ ಎಷ್ಟಿತ್ತೋ ಅಷ್ಟೇ.

ಇನ್ನು ಸಂದಿಯ ಅಳತೆಗೆ ಬರೋಣ. ಪಟ್ಟಣದ ರಸ್ತೆಯಲ್ಲಿ ಒಂದು ಪಟ್ಟೆಯ ಅಗಲ ಮೂರೂವರೆ ಮೀಟರ್ ಎಂದು ಇಟ್ಟುಕೊಳ್ಳಿ. ಒಂದು ಸಾಧಾರಣ ಕಾರಿನ ಅಗಲ ಒಂದೂಮುಕ್ಕಾಲು ಮೀಟರ್. ಎರಡು ಪಟ್ಟೆಯಲ್ಲಿ ಎರಡು ಕಾರು ನಡುಮಧ್ಯೆ ನಿಂತರೆ ಅವುಗಳ ನಡುವೆ ಉಳಿಯುವುದು ಒಂದೂಮುಕ್ಕಾಲು ಮೀಟರ್. ಬೈಕಿನ ಹ್ಯಾಂಡಲ್ ಅಗಲ ಸುಮಾರು 72 ಸೆಂಟಿಮೀಟರ್. ಕಳೆದರೆ ಎರಡೂ ಕಡೆ ಅರ್ಧರ್ಧ ಮೀಟರ್, ಅಂದರೆ ಒಂದು ಮೊಳದ ಮೇಲೆ. ಕಾರಿನ ಕನ್ನಡಿಗಳು ಒಂದಿಷ್ಟು ಕಸಿದರೂ ಮೆಲ್ಲಗೆ ಹೋಗಲು ಧಾರಾಳ.

ಒಂದು ಕಡೆ ಕಾರು, ಇನ್ನೊಂದು ಕಡೆ ಎರಡೂವರೆ ಮೀಟರ್ ಅಗಲದ ಬಸ್ಸು ಇದ್ದರೆ? ಎರಡೂ ಕಡೆ ಉಳಿಯುವುದು ಮೂವತ್ತಮೂರು ಸೆಂಟಿಮೀಟರ್, ಒಂದೂವರೆ ಗೇಣು. ಕನ್ನಡಿ ಕಳೆದರೆ ಒಂದು ಗೇಣಾದರೂ ಉಳಿದೀತೋ ಇಲ್ಲವೋ. ಎರಡೂ ಕಡೆ ಬಸ್ಸೇ ಇದ್ದರೆ ಹದಿನಾಲ್ಕು ಸೆಂಟಿಮೀಟರ್! ಅಂಗೈ ಅಗಲಕ್ಕಿಂತ ಸ್ವಲ್ಪ ಹೆಚ್ಚು. ಅದರೊಳಗೆ ಸೊಟ್ಟಗೆ ಒಂದು ಗುಂಡಿ ಸಿಕ್ಕಿತೋ, ಮುಗಿಯಿತು. ಇಷ್ಟೂ ಪಟ್ಟೆಯ ಮಧ್ಯೆ ಗಾಡಿ ನಿಂತರೆ ಎಂಬ ಲೆಕ್ಕ. ನಮ್ಮಲ್ಲಿ ಪಟ್ಟೆಯ ಮಧ್ಯೆ ನಿಲ್ಲುವ ಗಾಡಿ ಯಾವುದು?

ನುಸುಳಾಟವೆಲ್ಲ ಒಂದೇ ಅಲ್ಲ ಎನ್ನುವುದಕ್ಕೆ ಈ ಲೆಕ್ಕ. ನಿಂತ ಎರಡು ಕಾರಿನ ನಡುವೆ ಹೋಗುವುದು ಬೇರೆ, ಬಸ್ಸಿನ ಎಡಕ್ಕೆ ಫುಟ್‌ಪಾತಿನ ಕಲ್ಲಿಗೂ ಅದಕ್ಕೂ ನಡುವೆ ತೂರುವುದು ಬೇರೆ. ಎರಡನೆಯದು ಸಾವಿನ ಬಾಯಿ. ಬಸ್ಸು ಎಡಕ್ಕೆ ತಿರುಗುವಾಗ ಅದರ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲೇ ಬರುವುದಿಲ್ಲ, ಒಳಮಗ್ಗುಲಿಗೆ ಒತ್ತಿಕೊಂಡು ಬರುತ್ತದೆ. ಮುಂದಿನ ಚಕ್ರ ದಾಟುವಾಗ ಇದ್ದ ಮೂರಡಿ ಜಾಗ ಹಿಂದಿನ ಚಕ್ರ ಬರುವಷ್ಟರಲ್ಲಿ ಮಾಯ. ಡ್ರೈವರ್ ಕೂತಿರುವುದು ಬಲಕ್ಕೆ, ಎಡಬಾಗಿಲ ಕೆಳಗೆ ಅಂಟಿಕೊಂಡ ಸ್ಕೂಟರ್ ಅವನ ಕಣ್ಣಿಗೂ ಬೀಳುವುದಿಲ್ಲ, ಕನ್ನಡಿಗೂ ಬೀಳುವುದಿಲ್ಲ. ಲಾರಿಯದೂ ಇದೇ ಹಾಡು. ಸಾಲದ್ದಕ್ಕೆ ಬಸ್ಸಿನಿಂದ ಇಳಿಯುವವರು ಎಡಕ್ಕೇ ಇಳಿಯಬೇಕು. ಕೈಯಲ್ಲಿ ಚೀಲ ಹಿಡಿದ ಅಜ್ಜಿ ಕೊನೆಯ ಮೆಟ್ಟಿಲಿನಿಂದ ಕಾಲು ಕೆಳಗಿಟ್ಟ ಗಳಿಗೆಗೇ ಪಕ್ಕದಿಂದ ಬೈಕು ಸುಂಯ್ ಅಂತ ಬಂದರೆ ಆ ತಾಯಿ ಎಲ್ಲಿಗೆ ಹೋಗಬೇಕು?

ವೇಗದ ಮಾತು ಇನ್ನೂ ಮುಖ್ಯ. ಗಂಟೆಗೆ 20 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಐದೂವರೆ ಮೀಟರ್. ಅಪಾಯ ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡು ಬೇಕೇ ಬೇಕು. ಅಷ್ಟರಲ್ಲಿ ಒಂದು ಕಾರಿನ ಉದ್ದ ದಾಟಿರುತ್ತಾನೆ, ಇನ್ನೆರಡು ಮೂರು ಮೀಟರಿನಲ್ಲಿ ಗಾಡಿ ನಿಲ್ಲುತ್ತದೆ. 40ರಲ್ಲಿ ಬಂದವನು ಬ್ರೇಕ್ ಮುಟ್ಟುವ ಮೊದಲೇ ಹನ್ನೊಂದು ಮೀಟರ್ ಹೋಗಿರುತ್ತಾನೆ, ನಿಲ್ಲುವಷ್ಟರಲ್ಲಿ ಇಪ್ಪತ್ತರ ಹತ್ತಿರ. ಅಂದರೆ ನಾಲ್ಕು ಕಾರಿನ ಉದ್ದ. ಆ ನಾಲ್ಕು ಕಾರಿನಲ್ಲಿ ಯಾವುದೋ ಒಂದರ ಬಾಗಿಲು ತೆರೆಯಬಹುದು, ಎರಡು ಕಾರಿನ ನಡುವಿನಿಂದ ಒಬ್ಬರು ರಸ್ತೆ ದಾಟಬಹುದು.

ರಸ್ತೆ ದಾಟುವವರ ಗತಿಯನ್ನು ಯಾರೂ ಕೇಳುವುದಿಲ್ಲ. ದೇವರಾಜ ಮಾರುಕಟ್ಟೆಯಿಂದ ಹೂವು, ವೀಳ್ಯದೆಲೆ ಕೊಂಡು ಹೊರಬಂದ ಹೆಂಗಸು ಬಸ್ಸು, ಕಾರು ನಿಂತಿರುವುದನ್ನು ಕಂಡು, ಸದ್ಯ ನಿಂತವಲ್ಲಾ ಎಂದು ಕಾಲು ಹಾಕುತ್ತಾಳೆ. ನಿಂತ ಬಸ್ಸಿನ ಆಚೆ ಏನು ಬರುತ್ತಿದೆ ಎಂದು ಕಾಣಲು ಅವಳಿಗೆ ದಿವ್ಯದೃಷ್ಟಿ ಇಲ್ಲ. ಬಸ್ಸು ಮರೆಯಾದ್ದರಿಂದ ಸವಾರನಿಗೂ ಅವಳು ಕಾಣುವುದಿಲ್ಲ. ಇಬ್ಬರಿಗೂ ಇಬ್ಬರೂ ಕಂಡಾಗ ನಡುವೆ ಇರುವುದು ಒಂದೆರಡು ಮಾರು. ಅವನು ಇಪ್ಪತ್ತರ ಒಳಗಿದ್ದರೆ "ನೋಡ್ಕೊಂಡು ದಾಟಮ್ಮಾ", "ನೀನ್ ನೋಡ್ಕೊಂಡ್ ಬಾರಪ್ಪಾ" ಎಂಬ ಮಾತಿಗೆ ಮುಗಿಯುತ್ತದೆ. ನಲವತ್ತರಲ್ಲಿದ್ದರೆ ಕೆ.ಆರ್. ಆಸ್ಪತ್ರೆಯ ತುರ್ತು ವಿಭಾಗ. ನುಸುಳುವ ಸವಾರರ ಪರ ವಾದ ಮಾಡುವವರು ಈ ಹೆಂಗಸನ್ನು ಮರೆತರೆ ಆ ವಾದಕ್ಕೆ ಬೆಲೆಯಿಲ್ಲ.

ಹೊರದೇಶದವರು ಇದಕ್ಕೆ ಏನು ಮಾಡಿದ್ದಾರೆ? ಅಲ್ಲಿನದೆಲ್ಲ ಚಿನ್ನ ಎಂದೇನಲ್ಲ, ಆದರೂ ನೋಡಬೇಕು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2014ರ ಜುಲೈ 1ರಿಂದ ಇದಕ್ಕೆ ಅಪ್ಪಣೆ ಇದೆ, ಷರತ್ತಿನ ಮೇಲೆ. ವೇಗ 30 ಕಿಲೋಮೀಟರ್ ಮೀರಬಾರದು. ಪೂರ್ತಿ ಲೈಸೆನ್ಸ್ ಇದ್ದವರಿಗೆ ಮಾತ್ರ, ಕಲಿಯುವವರಿಗಿಲ್ಲ. ಶಾಲೆಯ ವಲಯದಲ್ಲಿ ಕೂಡದು, ಫುಟ್‌ಪಾತಿನ ಅಂಚಿಗೆ ಹೋಗಕೂಡದು. ಅಮೆರಿಕದ ಯೂಟಾ ರಾಜ್ಯ 2019ರಲ್ಲಿ, ಪಕ್ಕದ ಗಾಡಿ ಪೂರ್ತಿ ನಿಂತಿದ್ದರೆ ಮಾತ್ರ, ಗಂಟೆಗೆ 15 ಮೈಲಿಯ ಒಳಗೆ ಹೋಗಬಹುದು ಎಂದಿತು. ನಮ್ಮ ಲೆಕ್ಕದಲ್ಲಿ 24 ಕಿಲೋಮೀಟರ್. ಕ್ಯಾಲಿಫೋರ್ನಿಯಾ 2016ರಲ್ಲಿ ಕಾಯಿದೆ ಮಾಡಿ 2017ರ ಜನವರಿಯಿಂದ ಜಾರಿಗೆ ತಂದಿತು.

ಅದೇ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದವರು ಅಪಘಾತಕ್ಕೆ ಸಿಕ್ಕಿದ ಸುಮಾರು ಆರು ಸಾವಿರ ಮೋಟಾರ್ ಸೈಕಲ್ ಸವಾರರ ದಾಖಲೆ ತೆಗೆದು ನೋಡಿ 2015ರಲ್ಲಿ ವರದಿ ಕೊಟ್ಟರು. ಅವರಲ್ಲಿ 997 ಮಂದಿ ಆ ಹೊತ್ತಿನಲ್ಲಿ ಸಾಲಿನ ನಡುವೆ ಹೋಗುತ್ತಿದ್ದವರು. ಹಾಗೆ ಹೋಗುತ್ತಿದ್ದವರಲ್ಲಿ ತಲೆಗೆ ಪೆಟ್ಟಾದವರು ನೂರಕ್ಕೆ ಒಂಬತ್ತು, ಮಿಕ್ಕವರಲ್ಲಿ ಹದಿನೇಳು. ಸತ್ತವರು ನೂರಕ್ಕೆ 1.2, ಮಿಕ್ಕವರಲ್ಲಿ 3. ಕಾರಣ ಸರಳ: ನಿಧಾನ. ಅದೇ ವರದಿ ಇನ್ನೊಂದು ಮಾತನ್ನೂ ಹೇಳಿದೆ. ಪಕ್ಕದ ಗಾಡಿಗಿಂತ 15 ಮೈಲಿಗಿಂತ ಹೆಚ್ಚು ಜೋರಾಗಿ ಹೋದವರಿಗೆ ಪೆಟ್ಟು ಏರುತ್ತಾ ಹೋಗುತ್ತದೆ. ಈ ಎರಡನೆಯ ಮಾತನ್ನು ನಮ್ಮ ಹುಡುಗರು ಮೊದಲು ಓದಬೇಕು.

ಫ್ರಾನ್ಸಿನವರು 2016ರಲ್ಲಿ ಕೆಲವು ಜಿಲ್ಲೆಗಳಲ್ಲಿ ಪ್ರಯೋಗ ಮಾಡಿದರು. ಆ ರಸ್ತೆಗಳಲ್ಲಿ ಅಪಘಾತ ಇಳಿಯುವ ಬದಲು ಏರಿತೆಂದು 2021ರ ಆರಂಭದಲ್ಲಿ ನಿಲ್ಲಿಸಿದರು. ಅದೇ ವರ್ಷ ನಿಯಮ ತಿದ್ದಿ ಮತ್ತೆ ಪ್ರಯೋಗಕ್ಕಿಳಿದು, 2025ರ ಜನವರಿಯಲ್ಲಿ ಕಾಯಂ ಮಾಡಿದರು. ಎಡವಿದರು, ಎದ್ದರು, ಅಳೆದು ನೋಡಿದರು. ನಾವು ಅಳೆಯಲೂ ಇಲ್ಲ.

ಒಂದು ಎಚ್ಚರಿಕೆ. ಆ ದೇಶಗಳಲ್ಲಿ ಕಾರು ಸಾವಿರವಿದ್ದರೆ ಬೈಕು ಹತ್ತಾರು. ನಮ್ಮಲ್ಲಿ ಹಾಗಲ್ಲ. ನಮ್ಮಂತೆಯೇ ಬೈಕು ಕಿಕ್ಕಿರಿದ ತೈವಾನಿನಲ್ಲಿ ಸಿಗ್ನಲ್ಲಿನ ಬಳಿ, ಕಾರು ನಿಲ್ಲುವ ಗೆರೆಗೂ ಜೀಬ್ರಾ ಪಟ್ಟೆಗೂ ನಡುವೆ, ದ್ವಿಚಕ್ರದವರಿಗೇ ಒಂದು ಚೌಕ ಬರೆದಿರುತ್ತಾರೆ. ಇಂಡೋನೇಷ್ಯಾದಲ್ಲೂ ಇದೆ. ಕೆಂಪು ದೀಪ ಇದ್ದಾಗ ಮೆಲ್ಲಗೆ ಮುಂದೆ ಬಂದು ಆ ಚೌಕದಲ್ಲಿ ನಿಂತುಕೋ, ಹಸಿರಾದಾಗ ಬಸ್ಸಿಗಿಂತ ಮೊದಲು ಹೊರಡು ಎಂದು ಅರ್ಥ. ಏಳು ಮೀಟರ್ ಅಗಲದ ರಸ್ತೆಯಲ್ಲಿ ಒಂದು ಸಾಲಿಗೆ ಏಳು ಬೈಕಿನಂತೆ ಮೂರು ಸಾಲು ನಿಂತರೆ ಇಪ್ಪತ್ತೊಂದು ಬೈಕು. ಎಂಟು ಮೀಟರ್ ಆಳ ಸಾಕು. ಆಗ ಹೇಳಿದ 63 ಮೀಟರಿನ ಸಾಲು ಎಂಟು ಮೀಟರಿನಲ್ಲಿ ಮುಗಿಯಿತು. ಸವಾರರು ಬಸ್ಸಿನ ಡ್ರೈವರನ ಕಣ್ಣೆದುರಿಗೇ ಇರುತ್ತಾರೆ, ಬಸ್ಸಿನ ಮಗ್ಗುಲಿನಲ್ಲಿ ಸಿಕ್ಕಿಹಾಕಿಕೊಳ್ಳುವುದಿಲ್ಲ. ಜೀಬ್ರಾ ಪಟ್ಟೆ ನಡೆಯುವವರಿಗೆ ಉಳಿಯುತ್ತದೆ.

ಬೇಕಾಗಿರುವುದು ಇಷ್ಟೇ. ಕೇಂದ್ರದವರು ಚಾಲನಾ ನಿಯಮಕ್ಕೆ ನಾಲ್ಕು ಸಾಲು ಸೇರಿಸಲಿ: ಪಕ್ಕದ ಗಾಡಿಗಳು ನಿಂತಿದ್ದರೆ ಅಥವಾ ತೆವಳುತ್ತಿದ್ದರೆ ಮಾತ್ರ, ಇಪ್ಪತ್ತು ಕಿಲೋಮೀಟರಿನ ಒಳಗೆ, ಹ್ಯಾಂಡಲಿನ ಎರಡೂ ಕಡೆ ಒಂದು ಗೇಣಾದರೂ ಜಾಗ ಇದ್ದಲ್ಲಿ ನುಸುಳಬಹುದು. ಬಸ್ಸು, ಲಾರಿಯ ಎಡಕ್ಕೆ ಯಾವ ಕಾರಣಕ್ಕೂ ಕೂಡದು. ಎಲ್‌ಎಲ್ ಇರುವವರಿಗೆ, ಶಾಲೆಯ ಮುಂದೆ, ಫುಟ್‌ಪಾತಿನ ಮೇಲೆ ಕೂಡದು. ಸಾಲು ಹೊರಟ ಕೂಡಲೇ ಸಾಲಿಗೆ ಸೇರಬೇಕು. ಇದರ ಜೊತೆಗೆ ಕಾರಿನವರಿಗೂ ಒಂದು ಸಾಲು ಬೇಕು. ಬೈಕು ಬರುವುದನ್ನು ಕನ್ನಡಿಯಲ್ಲಿ ಕಂಡು, ಬೇಕೆಂದೇ ಸ್ಟೇರಿಂಗ್ ತಿರುಗಿಸಿ ಸಂದಿ ಮುಚ್ಚುವ ಮಹನೀಯರು ನಮ್ಮಲ್ಲಿ ಕಡಿಮೆಯಿಲ್ಲ. ಹಿಂದೆ ನೋಡದೆ ಬಾಗಿಲು ತೆರೆದು ಎಲೆ ಅಡಿಕೆ ಉಗಿಯುವವರನ್ನಂತೂ ಕೇಳಲೇಬೇಡಿ.

ಇಷ್ಟು ಬರೆದಿಟ್ಟರೆ ಪೊಲೀಸಿನವರಿಗೆ ಯಾರನ್ನು ಹಿಡಿಯಬೇಕು, ಯಾರನ್ನು ಬಿಡಬೇಕು ಎಂಬುದು ತಿಳಿಯುತ್ತದೆ. ನ್ಯಾಯಮಂಡಳಿಗೆ ಅಳತೆಗೋಲು ಸಿಗುತ್ತದೆ. ನಿಯಮದೊಳಗೆ ಹೋದ ಸವಾರ ಸತ್ತರೆ ಅವನ ಮನೆಯವರ ಪರಿಹಾರದಲ್ಲಿ ಕತ್ತರಿ ಆಡಿಸುವುದು ಸುಲಭವಾಗುವುದಿಲ್ಲ. ನಿಯಮ ಮೀರಿ ಎಡಕ್ಕೆ ನುಗ್ಗಿದವನಿಗಾಗಿ ಬಸ್ಸಿನ ಡ್ರೈವರ್ ವರ್ಷಗಟ್ಟಲೆ ಕೋರ್ಟು ಅಲೆಯುವುದೂ ತಪ್ಪೀತು.

ಬೇಡ ಅನ್ನುವುದಕ್ಕೆ ಸರ್ಕಾರಕ್ಕೆ ಪೆನ್ನು ಬೇಗ ಸಿಗುತ್ತದೆ. ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯ ದಾರಿಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ ಬರಕೂಡದು ಅಂದರು. ವೇಗದ ರಸ್ತೆ, ಸಾವು ಹೆಚ್ಚಾಗಿತ್ತು, ಅಂದದ್ದರಲ್ಲಿ ನ್ಯಾಯವಿತ್ತು. ಬೈಕಿನವರು ಸರ್ವಿಸ್ ರಸ್ತೆಗೆ ಇಳಿದರು. ಅಲ್ಲಿ ಟ್ರ್ಯಾಕ್ಟರು, ಕಬ್ಬಿನ ಗಾಡಿ, ಬಸ್ಸು ಕಟ್ಟಿಕೊಂಡು ನಿಂತಾಗ ಹೇಗೆ ಹೋಗಬೇಕು ಎಂದು ಹೇಳುವ ಪೆನ್ನಿಗೆ ಮಾತ್ರ ಮಸಿ ಇಲ್ಲ.

ದಿಲ್ಲಿಯವರು ಯಾವಾಗ ಬರೆಯುತ್ತಾರೋ ಬರೆಯಲಿ. ಅಲ್ಲಿಯವರೆಗೆ ಸವಾರರು ಕಾಯಬೇಕಾಗಿಲ್ಲ. ಸಂದಿಗೆ ಇಳಿಯುವ ಮುನ್ನ ಒಂದನೇ ಗೇರಿಗೆ ಬನ್ನಿ, ಎರಡು ಬೆರಳು ಬ್ರೇಕಿನ ಮೇಲೇ ಇರಲಿ. ಆಟೋದ ಇಂಡಿಕೇಟರ್ ನಂಬಬೇಡಿ, ಅದರ ಮುಂದಿನ ಚಕ್ರ ನೋಡಿ. ಗಾಡಿ ಅಲುಗುವ ಮುಂಚೆ ಚಕ್ರ ತಿರುಗಿರುತ್ತದೆ. ನಿಂತ ಬಸ್ಸಿನ ಮೂತಿ ದಾಟುವಾಗ ನಿಲ್ಲಿಸುವಷ್ಟು ನಿಧಾನ ಮಾಡಿ, ಅಲ್ಲಿಂದಲೇ ಜನ ದಾಟುವುದು. ಹೆಲ್ಮೆಟ್ಟಿನ ಬಕಲ್ ಹಾಕಿ, ಕೈಗೆ ನೇತುಹಾಕಿದ ಹೆಲ್ಮೆಟ್ ಮೊಣಕೈಯನ್ನಷ್ಟೇ ಕಾಯುತ್ತದೆ. ಊಟದ ಡಬ್ಬ ಹೊತ್ತು ಗಡಿಯಾರದ ಜೊತೆ ಓಡುವ ಹುಡುಗರಿಗೆ ಈ ಮಾತು ಹೇಳುವುದು ಕಷ್ಟವೇ. ತಡವಾದರೆ ಅವರ ಹೊಟ್ಟೆಯ ಮೇಲೆ ಏಟು. ಬಿಸಿಬಿಸಿ ದೋಸೆ ತರಿಸುವವರು ಐದು ನಿಮಿಷ ಆರಿದ್ದನ್ನು ತಿಂದರೆ ಗಂಟಲಿಗೇನೂ ಆಗದು.

ಚೌಕ ಬರೆಯುವುದಕ್ಕಂತೂ ದಿಲ್ಲಿಗೆ ಹೋಗಬೇಕಾಗಿಲ್ಲ. ರಸ್ತೆಯ ಮೇಲೆ ಗುರುತು ಹಾಕಿಸುವುದು, ಫಲಕ ನಿಲ್ಲಿಸುವುದು ಇಲ್ಲಿಯವರ ಕೈಯಲ್ಲೇ ಆಗುವ ಕೆಲಸ. ಮೊದಲಿಗೆ ರಾಮಸ್ವಾಮಿ ವೃತ್ತ ಒಂದರಲ್ಲಿ ಮಾಡಿ ನೋಡಲಿ. ಕಾರು, ಬಸ್ಸು ನಿಲ್ಲುವ ಗೆರೆಯನ್ನು ಎಂಟು ಮೀಟರ್ ಹಿಂದಕ್ಕೆ ಸರಿಸಿ, ನಡುವೆ ಬೈಕಿನ ಚಿತ್ರ ಬರೆದ ಚೌಕ ಹಾಕಿ, ಆರು ತಿಂಗಳು ಒಬ್ಬ ಪೇದೆಯನ್ನು ನಿಲ್ಲಿಸಿ ಲೆಕ್ಕ ಇಡಲಿ. ಜೀಬ್ರಾ ಮೇಲೆ ನಿಲ್ಲುವವರು ಕಡಿಮೆಯಾದರೇ, ಬಸ್ಸಿನ ಎಡಕ್ಕೆ ನುಗ್ಗುವವರು ಕಡಿಮೆಯಾದರೇ? ಆಗದಿದ್ದರೆ ಅಳಿಸಿಬಿಡಲಿ, ಹೋಗುವುದು ಬಣ್ಣ ಅಷ್ಟೇ.

ಹೇಗೂ ದಸರೆ ಬಂತೆಂದರೆ ಊರಿನ ರಸ್ತೆ, ಡಿವೈಡರು, ಕಂಬಗಳಿಗೆಲ್ಲ ಸುಣ್ಣ ಬಣ್ಣ ಆಗುತ್ತದೆ. ಅಂಬಾರಿ ನೋಡಲು ಬಂದವರ ಕಣ್ಣಿಗೆ ಊರು ಚೆನ್ನಾಗಿ ಕಾಣಲಿ, ಬೇಡವೆಂದವರಾರು? ಅದೇ ಬಣ್ಣದ ಡಬ್ಬದಲ್ಲಿ ಒಂದೆರಡನ್ನು ಈ ಚೌಕಕ್ಕೆ ಎತ್ತಿಡಲು ನಗರ ಪಾಲಿಕೆಯವರೂ ಸಂಚಾರ ಪೊಲೀಸಿನವರೂ ಒಂದು ಸಂಜೆ ಕೂತು ಮಾತಾಡುವರೇ?